ಕಾಂಡ್ಲಾ ಕಾಡಿನಲ್ಲಿ ಅತ್ತೆಯ ಬುಟ್ಟಿ

ಕಯಾಕ್ ಅನ್ನುವ ಸಣ್ಣ ದೋಣಿಗಳಲ್ಲಿ ಜನರನ್ನು ಕೂರಿಸಿ ದೋಹಾದಾಚೆ ಅಲ್ ಖೋರ್ ಕಡೆಯ, ಕಡಲ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಕಾಡು ತೋರಿಸುವುದು ನಮ್ಮ ವ್ಯಾಪಾರ. ಕಾಡು ಅದರ ಪಾಡಿಗೆ ಸುಮ್ಮನಿರುತ್ತದೆ, ಬರುವವರು ಸುಮ್ಮನಿರುವುದಿಲ್ಲ. ಗಂಡ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನ ಶಿಫ್ಟ್ ಕೆಲಸ ಬಿಟ್ಟು ಇದಕ್ಕೆ ಇಳಿದಿದ್ದಾರೆ. ದೋಹಾದ ಒಂದು ಹೋಟೆಲ್ ಈ ಚಳಿಗಾಲ ತನ್ನ ಗಿರಾಕಿಗಳನ್ನು ನಮಗೆ ಕಳಿಸಿದರೆ ಉಳಿದೆವು, ಇಲ್ಲವಾದರೆ ಖಲಾಸ್.

ನೀರೆಲ್ಲಿ?

ನೀರೇರುವ ಭರತದ ಹೊತ್ತಿಗೆ ಬನ್ನಿ ಅಂದರೆ ಒಂದು ಕುಟುಂಬ ಹೊಟ್ಟೆ ತುಂಬ ಬಿರಿಯಾನಿ ತಿಂದು ಇಳಿತಕ್ಕೆ ಬಂತು. ಎದುರಿಗೆ ಬರೀ ಕೆಸರು.

"ನೀರೆಲ್ಲಿ?" ಯಜಮಾನರು ಗದರಿದರು.

"ಇಳಿದು ಹೋಯಿತು ಸಾರ್."

"ಮೋಟಾರ್ ಹಾಕಿ ಬಿಡಿಸಿ. ನಾವು ಬುಕ್ ಮಾಡಿ ಬಂದವರು."

"ಸ್ವಿಚ್ಚು ಚಂದ್ರನ ಹತ್ತಿರ ಉಂಟು ಸಾರ್. ಅವನೂ ನಿಮ್ಮ ಹಾಗೆಯೇ, ನಾನು ಹೇಳಿದ ಹೊತ್ತಿಗೆ ಬರುವವನಲ್ಲ."

ಬೆನ್ನು ತಿರುಗಿಸಿದವರು

ಇನ್ನೊಬ್ಬರು ಫ್ಲೆಮಿಂಗೊ ನೋಡಲೆಂದೇ ಬಂದರು. ಹಕ್ಕಿಗಳು ಬೇಕಾದಷ್ಟಿದ್ದವು, ಆದರೆ ಎಲ್ಲವೂ ಆಚೆ ಮುಖ ಮಾಡಿ ನಿಂತಿದ್ದವು.

"ಸ್ವಲ್ಪ ಈ ಕಡೆ ತಿರುಗಿಸಿ, ಸೆಲ್ಫಿ ಬೇಕು."

"ಅಕ್ಕಾ, ನಾನು ಹೆತ್ತ ಮಗನೇ ಫೋಟೋಕ್ಕೆ ನೆಟ್ಟಗೆ ನಿಲ್ಲುವುದಿಲ್ಲ. ಇವನ್ನು ನಾನು ಹೆತ್ತದ್ದೂ ಅಲ್ಲ."

ಮನೆಗೆ ಹೋಗಿ ಒಂದೇ ಸ್ಟಾರ್ ಕೊಟ್ಟರು. ಕಾರಣ: "ಹಕ್ಕಿಗಳ ವರ್ತನೆ ಸರಿಯಿಲ್ಲ."

ಬುಟ್ಟಿ

ಆ ಒಂದು ಸ್ಟಾರ್ ಓದಿ ಹೋಟೆಲಿನ ಮಲಯಾಳಿ ಮ್ಯಾನೇಜರ್ ತಾವೇ ನೋಡಿಹೋಗಲು ಬಂದರು. ನಮ್ಮಲ್ಲಿ ಒಂದು ಎಲೆ ಕಿತ್ತರೂ ಬೈಗುಳ, ಬೋರ್ಡ್ ಕೂಡ ಹಾಕಿದ್ದೇವೆ. ಅದರ ಪಕ್ಕದಲ್ಲೇ, ವಿಸಿಟ್ ವೀಸಾದಲ್ಲಿ ಬಂದ ನಮ್ಮ ಅತ್ತೆ ಸೀರೆ ಎತ್ತಿ ಕಟ್ಟಿ ಕೆಸರಲ್ಲಿ ನಿಂತಿದ್ದರು. ಊರಲ್ಲಿ ಹೊಳೆಗಿಳಿದು ಮರುವಾಯಿ ಚಿಪ್ಪು ಹೆಕ್ಕಿದ ಕೈ; ಕೆಸರು ಕಂಡರೆ ತಡೆಯುವುದಿಲ್ಲ. ರಾತ್ರಿಯ ಊಟಕ್ಕೆ ತೆಂಗಿನಕಾಯಿ ಹಾಕಿ ಸುಕ್ಕ ಮಾಡಲೆಂದು ಬುಟ್ಟಿ ತುಂಬ ಚಿಪ್ಪು!

"ಚೇಚಿ, ಏನಿದು?" ಮ್ಯಾನೇಜರ್ ನನ್ನತ್ತ ತಿರುಗಿ ಹುಬ್ಬು ಗಂಟಿಕ್ಕಿದರು.

"ಯಾರೋ ಕದ್ದು ಹೆಕ್ಕಿದ್ದು ಸಾರ್. ನಮ್ಮ ಅತ್ತೆ ವಾಪಸ್ ಬಿಡುತ್ತಿದ್ದಾರೆ," ಅಂದು ಅತ್ತೆಗೆ ಕಣ್ಣು ಬಿಟ್ಟೆ.

ಕರಿಮಣಿ ಬಿಚ್ಚಿಕೊಡು ಅಂದ ಹಾಗೆ ಅವರು ನನ್ನನ್ನು ನೋಡಿದರು. ಆಮೇಲೆ ಒಂದೊಂದೇ ಮರುವಾಯಿಯನ್ನು ನಿಟ್ಟುಸಿರಿನ ಜತೆಗೆ ಕೆಸರಿಗೆ ಬಿಟ್ಟರು. ಮ್ಯಾನೇಜರ್ ಅಷ್ಟನ್ನೂ ವೀಡಿಯೊ ಮಾಡಿಕೊಂಡರು.

"ಇದೇ ಬೇಕಾದದ್ದು ಚೇಚಿ! ಪ್ರತಿ ಶುಕ್ರವಾರ ನಮ್ಮ ಗಿರಾಕಿಗಳ ಕೈಯಲ್ಲೂ ಹೀಗೇ ಬಿಡಿಸಿ. ಈ ಸೀಸನ್ ಪೂರ್ತಿ ನಿಮಗೇ."

ಅವರ ಕಾರು ಮರೆಯಾದ ಮೇಲೆ ಅತ್ತೆ ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸಿ ಕೇಳಿದರು:

"ಶುಕ್ರವಾರ ಬಿಡಬೇಕಾದರೆ ಗುರುವಾರ ಹೆಕ್ಕಬೇಕಲ್ಲ ಮಗಾ?"