ಅವ್ವನ ಕನಸಿಗೆ ಹೊಳ್ಳಿ ಹೋದದ್ದು

ನಿದ್ದೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚಿಕ್ಕೋಡಿಯಿಂದ ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಕೂರಲು ಜಾಗ ಸಿಗದೆ, ಮೇಲಿನ ಸರಳು ಹಿಡಿದು ನಿಂತೇ ಗೊರಕೆ ಹೊಡೆದವನು ನಾನು. ಅಷ್ಟೇ ಅಲ್ಲ, ಅರ್ಧಕ್ಕೆ ನಿಂತ ಕನಸನ್ನು ಮತ್ತೆ ಮಲಗಿ ಮುಂದುವರಿಸುವ ವಿದ್ಯೆಯೂ ನನಗೆ ಸಿದ್ಧಿಸಿದೆ ಎಂದು, ನಾನು ಗುಮಾಸ್ತನಾಗಿರುವ ಕಾಲೇಜಿನ ಕಚೇರಿಯಲ್ಲಿ ಚಹಾದ ಹೊತ್ತಿಗೆ ಎಷ್ಟೋ ಸಲ ಹೇಳಿಕೊಂಡಿದ್ದೆ. ಯಾರೂ ಪರೀಕ್ಷೆ ಮಾಡಿರಲಿಲ್ಲ. ಹಾಗಾಗಿ ವಿದ್ಯೆಗೆ ಭಂಗವೂ ಬಂದಿರಲಿಲ್ಲ.

ಆ ರವಿವಾರ ಮಧ್ಯಾಹ್ನ ರೊಟ್ಟಿ, ಝುಣಕ, ಎಣ್ಣೆಗಾಯಿ ಉಂಡು ಪಡಸಾಲೆಯ ಮಂಚದ ಮೇಲೆ ಉರುಳಿದ್ದೆ. ಕನಸಿನಲ್ಲಿ ಅವ್ವ ಬಂದಳು. ಅವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅಲ್ಲಿಯವರೆಗೆ ಒಂದು ದಿನವೂ ಕನಸಿಗೆ ಬಂದಿರಲಿಲ್ಲ. ಐಗಳಿಯ ನಮ್ಮ ಹಳೇ ಮನೆಯ ಕಟ್ಟೆಯ ಮೇಲೆ, ಹಸಿರು ಇಳಕಲ್ ಸೀರೆ ಉಟ್ಟು, ಕಾಲು ಚಾಚಿ ಕುಳಿತಿದ್ದಳು. ನನ್ನನ್ನು ನೋಡಿದಳು. “ಪರಸ್ಯಾ, ಒಂದೀಟ...” ಎಂದು ಬಾಯಿ ತೆರೆದಳು.

“ಏಳ್ರೀ! ನಳಾ ಬಂದೈತಿ! ಕೊಡಾ ಹಿಡೀರಿ!”

ಇದು ಅವ್ವ ಅಲ್ಲ. ನನ್ನ ಹೆಂಡತಿ ಶೋಭಾ!

ಕೊಡ ತುಂಬಿಸುತ್ತ, ಸಿಟ್ಟಿನಲ್ಲಿ, ನಡೆದದ್ದನ್ನು ಹೇಳಿದೆ. ಶೋಭಾಳ ಕೈಯಲ್ಲಿದ್ದ ಪೈಪು ಕೆಳಗೆ ಬಿತ್ತು. ನೀರು ಅಂಗಳದ ತುಂಬ ಹರಿಯಿತು. ಅವಳು ಅತ್ತ ನೋಡಲೂ ಇಲ್ಲ.

“ಅತ್ತಿ ಏನೋ ಬೇಡಾಕ ಬಂದಿದ್ರು! ಮುಂದ ಏನಂದ್ರು?”

“ಮುಂದ ನೀ ಅಂದಿ. ನಳಾ ಬಂದೈತಿ ಅಂದಿ.”

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ತೀರಿಹೋದ ಹಿರಿಯರು ಕನಸಿಗೆ ಬಂದು ಏನಾದರೂ ಬೇಡಿದರೆ, ಬರುವ ಅಮಾವಾಸ್ಯೆಗೆ ಅದನ್ನು ಮಾಡಿ ಎಡೆ ಹಿಡಿಯಬೇಕು. ಬೇಡಿದ್ದು ಸಿಗದಿದ್ದರೆ ಅವರು ಹಸಿದೇ ಇರುತ್ತಾರೆ ಎಂದು ನಂಬಿಕೆ. ಅಮಾವಾಸ್ಯೆ ಮರುದಿನವೇ ಇತ್ತು.

“ಒಂದೀಟ ಏನ್ರಿ? ಒಂದೀಟ ಹುಗ್ಗಿನೋ, ಒಂದೀಟ ಚಹಾನೋ, ಒಂದೀಟ ತಂಬಾಕನೋ? ಎಡಿಯಾಗ ನಾ ಏನ್ ಇಡಬೇಕ?” ಎಂದು ಶೋಭಾ ಕಣ್ಣೀರು ತಂದುಕೊಂಡಳು. ಅವ್ವ ಇದ್ದಾಗ ಇವರಿಬ್ಬರೂ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ದಿನಾ ಕಿತ್ತಾಡಿದವರು.

ಐನಾಪುರದಲ್ಲಿರುವ ನನ್ನ ತಂಗಿ ಕಸ್ತೂರಿಗೆ ಫೋನು ಹೋಯಿತು. ಅವಳು ಫೋನಿನಲ್ಲೇ ಅಳತೊಡಗಿದಳು.

“ನಾ ದಿನಾ ನೆನಸ್ತೀನಿ. ನನ್ನ ಕನಸಿನ್ಯಾಗ ಅವ್ವ ಒಮ್ಮೀನೂ ಬಂದಿಲ್ಲ. ನಿನ್ನ ಕಡೆ ಬಂದ್ರ, ನೀ ಎದ್ದ ಹೋದೆಲ್ಲೋ ಅಣ್ಣಾ!”

ವಿದ್ಯಾವಂತನಲ್ಲವೇ ನಾನು! “ಚಿಂತಿ ಮಾಡಬ್ಯಾಡ. ಈಗ ಹೊಳ್ಳಿ ಮಲಗತೀನಿ, ಕೇಳಕೊಂಡ ಬರತೀನಿ” ಎಂದೆ, ಕಿರಾಣಿ ಅಂಗಡಿಗೆ ಹೋಗಿ ಸಕ್ಕರೆ ತರುವವನ ಹಾಗೆ.

ಕನಸಿನ ಪುನರಾರಂಭಕ್ಕೆ ಬೇಕಾದ ಸಕಲ ವ್ಯವಸ್ಥೆಯನ್ನೂ ಕೈಗೊಳ್ಳಲಾಯಿತು. ಅದೇ ಮಂಚ, ಅದೇ ಕೌದಿ, ಅದೇ ಬಲಮಗ್ಗುಲು. ಮಲಗುವಷ್ಟರಲ್ಲಿ ಶೋಭಾ ತಾಟು ತಂದು ಮುಂದಿಟ್ಟಳು.

“ಊಟಾನೂ ಮೊದಲಿನಂಗ ಆಗಬೇಕ್ರಿ. ನೀವು ಹೊಟ್ಟಿ ತುಂಬ ಉಂಡಾಗ ಅವರು ಬಂದಿದ್ರು.”

“ಈಗರ ಉಂಡೀನಲ್ಲ!”

“ಅತ್ತಿ ಸಲುವಾಗಿ ಉಣ್ಣಾಕ ಆಗೂದಿಲ್ಲೇನು?”

ಅವ್ವನ ಸಲುವಾಗಿ ಮತ್ತೆ ರೊಟ್ಟಿ ಉಂಡೆ. ಅವ್ವನ ಸಲುವಾಗಿ ಮತ್ತೆ ಎಣ್ಣೆಗಾಯಿ ಉಂಡೆ. ಹೊಟ್ಟೆ ಈಗ ತಾನೇ ತುಂಬಿಸಿಟ್ಟ ಕೊಡದ ಹಾಗಾಯಿತು. ಮಲಗಿದೆ. ನಿದ್ದೆ ಬರಲಿಲ್ಲ! ಜೀವಮಾನದಲ್ಲೇ ಮೊದಲ ಸಲ, ಬೇಕಾದ ಹೊತ್ತಿಗೆ, ನನಗೆ ನಿದ್ದೆ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಶಿಂಧೆ ಕಾಕಾ ಸುದ್ದಿ ತಿಳಿದು ಬಂದರು. ಬಸ್ಸು ಓಡಿಸಿ ನಿವೃತ್ತರಾದವರು. ಕನ್ನಡ ಬರುತ್ತದೆ, ಆದರೆ ಅಪ್ಪಣೆ ಕೊಡುವುದೆಲ್ಲ ಮರಾಠಿಯಲ್ಲೇ. “ಡಾವ್ಯಾ ಕುಶೀವರ ಝೋಪಾ!” ಎಂದರು. ಎಡಮಗ್ಗುಲಿಗೆ ಮಲಗಬೇಕಂತೆ.

“ಬ್ಯಾಡ್ರಿ ಕಾಕಾ, ಅತ್ತಿ ಬಂದಿದ್ದು ಬಲಮಗ್ಗಲಿಗೆ” ಎಂದಳು ಶೋಭಾ.

ನನ್ನನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳಿಸಿದರು. ಒಳಗಿನ ಎಣ್ಣೆಗಾಯಿಯೂ ಜೊತೆಗೇ ಹೊರಳಿತು. ಕೊನೆಗೆ ಕಾಕಾ, “ನಾ ಇಲ್ಲೇ ಕಾವಲಿ ಕುಂಡರತೀನಿ. ಯಾರ್ ಎಬ್ಬಸ್ತಾರ ನೋಡ್ತೀನಿ” ಎಂದು ಕುರ್ಚಿ ಎಳೆದುಕೊಂಡು, ನನಗೆ ನಿದ್ದೆ ಹತ್ತಲೆಂದು ಸಣ್ಣ ದನಿಯಲ್ಲಿ ಅಭಂಗ ಸುರು ಮಾಡಿದರು. ಅಭಂಗ ಕೆಲಸ ಮಾಡಿತು. ಕಾಕಾ ಮಲಗಿಬಿಟ್ಟರು!

ಅವರ ಗೊರಕೆ ಕೇಳುತ್ತ ನನಗೂ ಯಾವಾಗಲೋ ಕಣ್ಣು ಹತ್ತಿತು. ಮೊದಲು ಬಂದದ್ದು ನಿಪ್ಪಾಣಿ ಬಸ್ ನಿಲ್ದಾಣ. ಐಗಳಿ ಕಡೆಗೆ ಬಸ್ಸೇ ಇಲ್ಲ. ಕನಸಿನಲ್ಲೂ ಇಲ್ಲ! ನಡೆದೇ ಹೊರಟೆ. ತಿರುವು ದಾಟಿದರೆ ನಮ್ಮ ಮನೆ. ಕಟ್ಟೆಯ ಮೇಲೆ ಅವ್ವ. ಅದೇ ಹಸಿರು ಸೀರೆ. ನನಗಾಗಿಯೇ ಕಾದು ಕುಳಿತ ಹಾಗಿತ್ತು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಓಡಿ ಹೋಗಿ ಪಕ್ಕ ಕುಳಿತು ಹೇಳತೊಡಗಿದೆ. ನಳ ಬಂದದ್ದು, ಕಸ್ತೂರಿ ಅತ್ತದ್ದು, ಎರಡು ಸಲ ಉಂಡದ್ದು, ಕಾಕಾ ಹಾಡಿದ್ದು. ಅವ್ವ ನಡುವೆ ಬಾಯಿ ತೆರೆದಳು. “ತಡಿ ಅವ್ವಾ, ಪೂರಾ ಕೇಳು” ಎಂದೆ. ಇನ್ನೊಮ್ಮೆ ತೆರೆದಳು. “ಮುಂದ ಏನಾತಂದ್ರ...” ಎಂದೆ. ಅವ್ವ ನಕ್ಕಳು. ನನ್ನ ತಲೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದಳು.

ಎಚ್ಚರವಾಯಿತು. ಈ ಸಲ ಯಾರೂ ಎಬ್ಬಿಸಿರಲಿಲ್ಲ. ಬೈಯಲು ಕೂಡ ಯಾರೂ ಇಲ್ಲದ ಸ್ಥಿತಿ! ಹೊಟ್ಟೆ ಕಡಿಯುತ್ತಿತ್ತು. ಮಂಚದ ಕಾಲಿಗೆ ಒರಗಿದ್ದ ಶೋಭಾ ಕಣ್ಣು ಉಜ್ಜಿಕೊಳ್ಳುತ್ತ ಎದ್ದಳು.

“ಭೆಟ್ಟಿ ಆತು” ಎಂದೆ. “ಎಲ್ಲಾ ಹೇಳಿ ಬಂದೆ. ಕೇಳೂದು ಮರತೆ.”

ಅವಳು ಬೈಯಲಿಲ್ಲ. ಅಡುಗೆಮನೆಗೆ ಹೋಗಿ, ಹೊಟ್ಟೆನೋವಿಗೆ ಕೊಡುವ ಅಜವಾನ, ಉಪ್ಪು ಅಂಗೈಯಲ್ಲಿ ತಂದಳು.

“ನಂಗೂ ಒಂದೀಟ ಜೋಂಪ ಹತ್ತಿತ್ತು ನೋಡ್ರಿ. ಅತ್ತಿ ಬಂದಿದ್ರು. ‘ಪರಸ್ಯಾ ಯಾಕ ಇಷ್ಟ ಉಂಡ ಬಿದ್ದಾನ? ಹೇಳಬೇಕಂದ್ರ ಬಾಯಿ ತೆರೀಗೊಡವಲ್ಲ. ಅವಗ ಒಂದೀಟ ಅಜವಾನ ಕೊಡವಾ’ ಅಂದ್ರು.”

“ತನಗೇನ್ ಬೇಡಿದ್ಲು?”

“ಏನೂ ಬೇಡಲಿಲ್ಲರಿ.”

ನನಗೆ ಒಮ್ಮೆಲೇ ಅಳು ಬಂತು. ಶಿಂಧೆ ಕಾಕಾ ಗೊರಕೆ ಹೊಡೆಯುತ್ತಲೇ ಇದ್ದರು. ಅಜವಾನ ಬಾಯಿಗೆ ಹಾಕಿಕೊಂಡೆ.

ಫೋನು ಬಂತು. ಕಸ್ತೂರಿ.

“ಅವ್ವ ಸಿಕ್ಲೇನೋ ಅಣ್ಣಾ? ಏನ್ ಬೇಡಿದ್ಲು?”

“ತನಗೇನೂ ಬ್ಯಾಡಂತ. ನನಗ ಅಜವಾನ ತಿನ್ನಂದಾಳ. ಅದೂ ಶೋಭಾನ ಕನಸಿನ್ಯಾಗ.”

ಆ ಕಡೆ ಬಿಕ್ಕಿದ ಹಾಗೆ ಸದ್ದಾಯಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

“ಹಂಗಾರ ಖರೇನ ಅವ್ವನ ಬಂದಿದ್ಲು ಬಿಡು. ತಿಂದೇನು?”

ವಿದ್ಯಾವಂತನ ಬಾಯಿ ತುಂಬಿತ್ತು. “ಹೂಂ” ಎಂದೆ.