ಬೀಗರ ಕೈಯಲ್ಲಿ ಡಿಲೀಟ್

ಯಾರಿಗೂ ‘ಇಲ್ಲ’ ಎನ್ನಲು ಬಾರದ ಮನುಷ್ಯನನ್ನು ಕಂಪ್ಯೂಟರಿನ ಅಡ್ಮಿನ್ ಮಾಡಬಾರದು. ನನ್ನನ್ನು ಮಾಡಿದ್ದಾರೆ. ಆಳಂದದ ತೊಗರಿಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆದುಕೊಂಡು ಸುಖವಾಗಿದ್ದೆ. ಸಾವುಕಾರರು ಅಫಜಲಪುರ, ಜೇವರ್ಗಿಗಳಲ್ಲೂ ಖರೀದಿ ಅಂಗಡಿ ತೆರೆದು ಮೂರೂ ಕಡೆಗೆ ಒಂದೇ ಸಾಫ್ಟ್‌ವೇರ್ ಹಾಕಿಸಿದರು. ಅದರಲ್ಲಿ ಯಾರು ನೋಡಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂದು ನಿರ್ಧರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಒಬ್ಬೊಬ್ಬರ ಹೆಸರಿನ ಮುಂದೆ ಸಣ್ಣ ಸಣ್ಣ ಚೌಕಗಳು. ಟಿಕ್ ಹಾಕಿದರೆ ಅಧಿಕಾರ ಬಂತು, ತೆಗೆದರೆ ಹೋಯಿತು. ಸಾಲಾಗಿ ಊಟಕ್ಕೆ ಕೂತವರಲ್ಲಿ ಒಬ್ಬರಿಗೆ ತುಪ್ಪ ಬಡಿಸಿ ಪಕ್ಕದವರನ್ನು ದಾಟಿ ಹೋಗುವುದು ನಮ್ಮ ಕಡೆಯವರಿಂದ ಆಗುವ ಮಾತೇ? ಎಲ್ಲರಿಗೂ ಎಲ್ಲ ಚೌಕಕ್ಕೂ ಟಿಕ್ ಹಾಕಿ, ಚಹಾ ಕುಡಿದು ಮನೆಗೆ ಹೋದೆ.

ಜೇವರ್ಗಿ ಅಂಗಡಿ ನೋಡಿಕೊಳ್ಳುವ ಶರಣಪ್ಪನವರು ಬಲು ಪ್ರಾಮಾಣಿಕರು, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ಇಜೇರಿಯ ವ್ಯಾಪಾರಿಯೊಬ್ಬ ಯಾರದೋ ಮದುವೆಯಲ್ಲಿ ಇವರಿಗೆ ನಮಸ್ಕಾರ ಮಾಡಲಿಲ್ಲವಂತೆ. ಮರುದಿನ ಇವರು ಅವನ ಹೆಸರನ್ನೇ ಕಂಪ್ಯೂಟರಿನಿಂದ ಅಳಿಸಿಬಿಟ್ಟರು. ಅವನ ವರ್ಷದ ವ್ಯವಹಾರವೆಲ್ಲ ಹೆಸರಿನ ಹಿಂದೆಯೇ ಹೋಯಿತು. ಕೇಳಿದರೆ, “ಅವನ ಹೆಸ್ರು ಕಂಡ್ರ ಮೈ ಉರೀತದ್ರಿ, ಅದಕ್ಕ ತೆಗದೇನಿ” ಎಂದರು. ಸಾಫ್ಟ್‌ವೇರಿನವರ ಕೈಕಾಲು ಹಿಡಿದು ಎಲ್ಲ ವಾಪಸು ತರಿಸಿದ ಮೇಲೆ ಸಾವುಕಾರರು ನನ್ನನ್ನು ಕರೆದರು. “ಶರಣಪ್ಪನ ಕೈಯಾಗಿನ ಡಿಲೀಟ್ ಇವತ್ತ ಕಸ್ಗೋರಿ. ಇಲ್ಲಂದ್ರ ನಿಮ್ಮ ಕುರ್ಚಿ ನಾ ಕಸ್ಗೋತೇನಿ!”

ಬೇರೆ ಯಾರಾದರೂ ಆಗಿದ್ದರೆ ಹೇಗೋ ಮಾಡುತ್ತಿದ್ದೆ. ಆದರೆ ಶರಣಪ್ಪನವರ ಮಗಳನ್ನು ನನ್ನ ಮಗನಿಗೆ ತಂದುಕೊಳ್ಳುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಫೋನು ಬಂದರೆ ನನ್ನ ಮಗ ಆಗಲೇ ಅಂಗಳಕ್ಕೆ ಓಡತೊಡಗಿದ್ದ. ಆ ಭಾನುವಾರವೇ ಅವರು ಮಾತು ಪಕ್ಕಾ ಮಾಡಲು ಬರುವವರಿದ್ದರು. ಕಣ್ಣು ಮುಚ್ಚಿ ಟಿಕ್ ತೆಗೆದೆ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಫೋನು. “ಏನ್ರೀ ಬೀಗ್ರೇ, ನನ್ನ ಡಿಲೀಟ್ ಗುಂಡಿ ಬೂದಿ ಬಡದಂಗ ಆಗ್ಯಾದಲ್ಲ?”

“ನೆಟ್‌ವರ್ಕ್ ಇರಬಹುದ್ರಿ” ಎಂದೆ. ಸುಳ್ಳು ಹೇಳುವುದಕ್ಕೆ ಮಾತ್ರ ನನಗೆ ಯಾರ ಅನುಮತಿಯೂ ಬೇಕಾಗಲಿಲ್ಲ.

ಭಾನುವಾರ ಬಂದರು. ಅಫಜಲಪುರ ಅಂಗಡಿಯವರ ಡಿಲೀಟ್ ಗುಂಡಿ ಬರೋಬ್ಬರಿ ನಡೆಯುತ್ತಿದೆ ಎಂದು ಅಷ್ಟರಲ್ಲಿ ವಿಚಾರಿಸಿಕೊಂಡಿದ್ದರು; ನನ್ನ ನೆಟ್‌ವರ್ಕ್ ಸುಳ್ಳು ಬಯಲಾಗಿತ್ತು. ಚಹಾ ಮುಟ್ಟಲಿಲ್ಲ. “ಒಂದು ಗುಂಡಿ ಕೊಟ್ಟು ನಂಬಲಾರದ ಮನಿಗೆ ಮಗಳನ್ನ ಹ್ಯಾಂಗ ಕೊಡ್ಲಿರಿ? ನಾಳೆ ಆಕಿಗೂ ಅದು ಮುಟ್ಟಬ್ಯಾಡ, ಇದು ಮುಟ್ಟಬ್ಯಾಡ ಅಂತೀರೇನು?”

ಬಾಗಿಲಲ್ಲಿ ನಿಂತಿದ್ದ ಮಗನ ಮುಖ ಸಪ್ಪಗಾಯಿತು. ಅಯ್ಯೋ, ಒಂದು ಟಿಕ್ಕಿನಿಂದ ಹುಡುಗನ ಸಂಸಾರವೇ ಮುಳುಗಿತಲ್ಲ! ಆದದ್ದಾಗಲಿ ಎಂದು ಎದ್ದು ನಿಂತೆ. “ಶರಣಪ್ಪನವ್ರ, ಅಡಗಿಮನಿ, ಕಪಾಟಿನ ಕೀಲಿ, ಟಿವಿ ರಿಮೋಟು, ಎಲ್ಲಾ ನಿಮ್ಮ ಮಗಳ ಕೈಯಾಗ ಕೊಡ್ತೇನ್ರಿ. ಇದು ನನ್ನ ಮಾತು!”

ಒಳಗಿನಿಂದ ನನ್ನ ಹೆಂಡತಿ ಮಹಾದೇವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ಕೊಡಾಕ ನೀವ್ಯಾರ್ರೀ? ಕಪಾಟಿನ ಕೀಲಿ ಎಲ್ಲಿ ಇರ್ತದ ಅಂತಾದ್ರೂ ಗೊತ್ತದೇನು ನಿಮಗ? ಅಣ್ಣಾರ, ಇವ್ರ ಮಾತು ಬಿಡ್ರಿ. ಹುಡುಗಿಗಿ ಏನ್ ಕೊಡಬೇಕು ಅನ್ನೋದು ನಾ ನೋಡ್ಕೋತೇನಿ.”

ಶರಣಪ್ಪನವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮುಖದ ಬಿಗುವು ಇಳಿಯಿತು. ಆರಿದ ಚಹಾವನ್ನೇ ಕುಡಿದರು, ಮದುವೆ ನಿಶ್ಚಯವಾಯಿತು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

“ನನಗ ಆ ಡಿಲೀಟ್ ಬ್ಯಾಡ್ರಿ ಬೀಗ್ರೇ. ಅದೊಂದಾದ್ರೂ ನಿಮ್ಮ ಕೈಯಾಗ ಇರ್ಲಿ.”