ಕಾಡಿನ ಪಾಠ, ಕಮಲಾಪುರದ ಪರೀಕ್ಷೆ

ಸರ್ಕಾರಿ ಖರ್ಚಿನಲ್ಲಿ ಕಲಿತ ವಿದ್ಯೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ನಾನು ವಾಯುಪಡೆಯ ಹೆಲಿಕಾಪ್ಟರಿನಲ್ಲಿ ಇಂಜಿನಿಯರ್ ಆಗಿದ್ದವನು. ಹಾವಿನ ಚರ್ಮ ಸುಲಿಯುವುದು, ಬಿದಿರಿನಿಂದ ಕುಡಿಯುವ ನೀರು ಇಳಿಸುವುದು, ಕಾಲಿಗೆ ಕಚ್ಚಿದ ಜಿಗಣೆ ಬಿಡಿಸುವುದು ಎಲ್ಲವೂ ಬರುತ್ತದೆ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಕುಕ್ಕರಿಗೆ ಮುಚ್ಚಳ ಹಾಕಲು ಮಾತ್ರ ಬರುವುದಿಲ್ಲ. ಇದನ್ನು ನನ್ನ ಹೆಂಡತಿ ಶಾಂತಾ ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಈಗೀಗ ಹೇಳುವುದಿಲ್ಲ. ಅವಳಿಗೆ ಮರೆವಿನ ಕಾಯಿಲೆ. ಕೆಲವು ದಿನ ಕುಕ್ಕರು ಯಾವುದೆಂಬುದೇ ಅವಳಿಗೆ ಗೊತ್ತಾಗುವುದಿಲ್ಲ, ಮತ್ತೆ ಕೆಲವು ದಿನ ನಾನು ಯಾರೆಂಬುದು.

ಗಡಿಯಲ್ಲಿ ಯುದ್ಧದ ಮಾತು ಎದ್ದಿದ್ದ ಕಾಲದಲ್ಲಿ ನಮ್ಮನ್ನು ಈಶಾನ್ಯದ ಕಾಡಿಗೆ ಒಯ್ದು ಬಿಟ್ಟಿದ್ದರು. ಶತ್ರುವಿನ ನೆಲದಲ್ಲಿ ಹೆಲಿಕಾಪ್ಟರು ಬಿದ್ದರೆ ಬದುಕಿಕೊಳ್ಳುವುದು ಹೇಗೆಂದು ಕಲಿಸಲಿಕ್ಕೆ. ಊಟ ಕೊಡುತ್ತಿರಲಿಲ್ಲ, ಸಿಕ್ಕಿದ್ದು ತಿನ್ನಬೇಕು. ಮೂಗು ಮುಚ್ಚಿಕೊಂಡು ಹಾವಿನ ಮಾಂಸ ನುಂಗುವಾಗ ನನಗೆ ಶೇಂಗಾ ಹಿಂಡಿ, ಜೋಳದ ರೊಟ್ಟಿ ನೆನಪಾಗಿ ಅಳು ಬರುತ್ತಿತ್ತು. ಕಲಿಸಿದ್ದರಲ್ಲಿ ಮುಖ್ಯವಾದವು ಎರಡೇ ಪಾಠ. ಬಿದ್ದ ಜಾಗದ ಹತ್ತಿರವೇ ಅಡಗಿ ಕೂರಬೇಕು, ದಾರಿ ಹುಡುಕಿಕೊಂಡು ಹೊರಡಬಾರದು. ಯಾರಾದರೂ ನಮ್ಮನ್ನು ಕರೆದೊಯ್ಯಲು ಬಂದರೆ ಮುಖ, ಸಮವಸ್ತ್ರ ನೋಡಿ ನಂಬಬಾರದು. ಪ್ರತಿಯೊಬ್ಬರೂ ಒಂದು ಖಾಸಗಿ ಪ್ರಶ್ನೆ, ಅದರ ಉತ್ತರ ಮೊದಲೇ ನಮ್ಮ ಅಧಿಕಾರಿಗಳಿಗೆ ಬರೆದುಕೊಟ್ಟಿರುತ್ತೇವೆ. ಬಂದವನನ್ನು ಅದನ್ನೇ ಕೇಳಬೇಕು, ಸರಿಯುತ್ತರ ಬಂದರೆ ಮಾತ್ರ ಹೊರಗೆ ಬರಬೇಕು. ಉಳಿದವರು ಸಾಕಿದ ನಾಯಿಯ ಹೆಸರು, ಮೊದಲ ಸೈಕಲ್ಲಿನ ಬಣ್ಣ ಅಂತೆಲ್ಲ ಕೊಟ್ಟರು. ಹೊಸದಾಗಿ ಮದುವೆಯಾಗಿದ್ದ ನಾನು, "ಹೆಂಡತಿ ನನ್ನೊಡನೆ ಆಡಿದ ಮೊದಲ ಮಾತು ಯಾವುದು?" ಎಂಬ ಪ್ರಶ್ನೆ ಕೊಟ್ಟೆ. ಕಲಿಸುವ ಅಧಿಕಾರಿ ನಕ್ಕು, "ಇದು ಶತ್ರುವಿಗಂತೂ ಗೊತ್ತಾಗಲಿಕ್ಕಿಲ್ಲ. ನಿನಗೆ ನೆನಪಿರುತ್ತದೆಯೇ ನೋಡಿಕೋ" ಎಂದರು. ರಜೆಗೆ ಬಂದಾಗ ಈ ಪಾಠವನ್ನೂ ನನ್ನ ಪ್ರಶ್ನೆಯನ್ನೂ ಶಾಂತಾಗೆ ಹೇಳಿದೆ. ಅವಳಿಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಮೊದಲನೇ ಪಾಠ ಮರೆತರೆ ಏನಾಗುತ್ತದೆಂದು ಮುಂದೆ ಕಣ್ಣಾರೆ ಕಂಡೆ. ನನ್ನ ಪಕ್ಕದಲ್ಲೇ ಕೂತು ಹಾವು ತಿಂದು ವಾಂತಿ ಮಾಡಿಕೊಂಡಿದ್ದ ಗೆಳೆಯನೊಬ್ಬನ ಹೆಲಿಕಾಪ್ಟರು ನಿಜವಾಗಿಯೇ ಬಿತ್ತು. ಅವನು ಬದುಕಿದ್ದ. ನೀರಿಗೋ ದಾರಿಗೋ ಎದ್ದು ನಡೆದುಬಿಟ್ಟ. ನಾವು ಹುಡುಕಿಕೊಂಡು ಹೋದಾಗ ಬಿದ್ದ ಜಾಗದಲ್ಲಿ ಅವನ ಹೆಲ್ಮೆಟ್ಟು ಮಾತ್ರ ಇತ್ತು. ಅವನು ಸಿಕ್ಕಿದ್ದು ಬಹಳ ಕೆಳಗೆ, ಕಣಿವೆಯಲ್ಲಿ, ಗುರುತು ಹತ್ತದ ಹಾಗೆ. ಕೂತಲ್ಲೇ ಕೂತಿದ್ದರೆ ಇವತ್ತು ಅವನೂ ಪಿಂಚಣಿ ತಿನ್ನುತ್ತಿದ್ದ. ಅದಕ್ಕೇ ಶಾಂತಾ ಮೊದಲ ಸಲ ಓಣಿ ತಪ್ಪಿ ರೋಜಾ ಬಡಾವಣೆಯ ಕಡೆ ಹೋಗಿಬಿಟ್ಟಾಗ ನನಗೆ ಆ ಹೆಲ್ಮೆಟ್ಟೇ ನೆನಪಾಯಿತು. ಮರುದಿನದಿಂದ ಬೆಳಗಿನ ಚಹಾದ ಜೊತೆ ಪಾಠ ಶುರುವಾಯಿತು.

"ದಾರಿ ತಪ್ಪಿದ್ರ ಏನ್ ಮಾಡ್ತಿ?"

"ಕುಂತಲ್ಲೇ ಕೂಡ್ತೀನ್ರಿ."

"ಯಾರರ ಬಾ ಅಂತ ಕರದ್ರ?"

"ನೀವು ಬರೋತನಕ ಏಳಂಗಿಲ್ಲ."

ಜೊತೆಗೆ ಅವಳ ಕೈಚೀಲದ ಮೇಲೆ, ವಿಮಾನದ ಬಾಲಕ್ಕೆ ಬರೆಯುವ ಹಾಗೆ, ನನ್ನ ಫೋನ್ ನಂಬರನ್ನು ದಪ್ಪಗೆ ಬರೆದೆ. ಮೊದಲಿನ ಶಾಂತಾ ಆಗಿದ್ದರೆ ಆ ಚೀಲವನ್ನು ನನ್ನ ತಲೆಗೇ ಎಸೆಯುತ್ತಿದ್ದಳು. ಈ ಶಾಂತಾ ಸುಮ್ಮನೆ ಹೆಗಲಿಗೆ ಹಾಕಿಕೊಂಡಳು.

ಮೊನ್ನೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅವಳಿರಲಿಲ್ಲ. ಬ್ರಹ್ಮಪುರದ ಗುಡಿಗಳನ್ನೆಲ್ಲ ನೋಡಿದೆ. ಸ್ಟೇಶನ್ ಬಜಾರಿನ ಆಟೋದವರನ್ನು ಕೇಳಿದೆ. ಕಾಡಿನಲ್ಲಿ ಹೆಜ್ಜೆಗುರುತು ಹಿಡಿಯುವುದನ್ನು ಕಲಿಸಿದ್ದರು, ಡಾಂಬರಿನ ಮೇಲೆ ಹಿಡಿಯುವುದನ್ನು ಕಲಿಸಿರಲಿಲ್ಲ. ಕಣಿವೆಯಲ್ಲಿ ಕಂಡ ಗೆಳೆಯನೇ ಕಣ್ಣಮುಂದೆ ಬರುತ್ತಿದ್ದ. ಮಧ್ಯಾಹ್ನ ಫೋನ್ ಬಂತು. ಕಮಲಾಪುರ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಹೆಂಗಸು. "ಅಣ್ಣಾರ, ಚೀಲದ ಮ್ಯಾಲೆ ನಿಮ್ ನಂಬರ್ ಅದರಿ. ಅಕ್ಕೋರು ಮುಂಜಾನಿಂದ ಇಲ್ಲೇ ಕುಂತಾರ. ಯಾರು ಕರದ್ರೂ ಏಳವಲ್ರು." ಕಲಬುರಗಿಗೆ ಹತ್ತಿರದ ಈ ಕಮಲಾಪುರ ಅವಳ ತವರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಕೈಯಲ್ಲಿ ಕಾಸಿಲ್ಲದೆಯೂ ತಲುಪಿದ್ದಾಳೆ. ಅಪ್ಪನ ಬಾಳೆತೋಟ ಪರರ ಪಾಲಾಗಿ ಎಷ್ಟೋ ಕಾಲವಾಯಿತೆಂಬುದನ್ನು ಮರೆತು ಹೋದವಳು, ಇಳಿದ ಮೇಲೆ ದಿಕ್ಕು ತಪ್ಪಿ, ನನ್ನ ಪಾಠದಂತೆ ಕೂತುಬಿಟ್ಟಿದ್ದಾಳೆ.

ಹೋಗಿ ಅವಳ ಮುಂದೆ ನಿಂತೆ. "ಶಾಂತಾ, ನಡಿ, ಮನಿಗಿ ಹೋಗೂಣು" ಎಂದೆ.

"ನಾ ಬರಂಗಿಲ್ರಿ. ನಮ್ಮನಿಯವ್ರು ಬರ್ತಾರ."

"ನಾನ ನಿನ್ ಗಂಡ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಂತ ಯಾರರ ಹೇಳಬಹುದು. ನಾ ಅವರ ಜೋಡಿ ಮೊದಲ ಆಡಿದ ಮಾತು ಏನು, ಹೇಳ್ರಿ ನೋಡೂಣು."

ಬೆಳಿಗ್ಗೆ ಕುಡಿದ ಚಹಾ ಮರೆಯುವವಳಿಗೆ ಆ ಪ್ರಶ್ನೆ ನೆನಪಿತ್ತು. ಉತ್ತರ ನನಗೆ ನೆನಪಿರಲಿಲ್ಲ. "ಊಟ ಆತೇನ್ರಿ?" ಅಂದಿದ್ದಿ ಎಂದೆ. ಅಲ್ಲವೆಂದು ತಲೆಯಾಡಿಸಿದಳು. "ಚಹಾ ತಗೋರಿ?" ಅದೂ ಅಲ್ಲ. ಬಾಳೆಹಣ್ಣಿನ ಹೆಂಗಸು ನನ್ನತ್ತ ಕಣ್ಣು ಕಿರಿದು ಮಾಡಿ, "ಅಕ್ಕಾ, ಪೊಲೀಸ್ರಿಗಿ ಕರೀಲೇನ್ರಿ?" ಎಂದಳು. ಬೇರೆ ದಾರಿ ಕಾಣದೆ, "ನಿಮ್ಮನಿಯವ್ರು ಬರೋತನಕ ನಾನೂ ಇಲ್ಲೇ ಕೂಡ್ಲೇನ್ರಿ?" ಎಂದು ಕೇಳಿದೆ. "ಕೂಡ್ರಿ, ಬೆಂಚು ಸರ್ಕಾರದ್ದು" ಎಂದಳು ಶಾಂತಾ.

ಕೂತೆವು. ಹಣ್ಣಿನವಳಿಗೆ ಏನನ್ನಿಸಿತೋ, ಒಂದು ಕೆಂಪು ಬಾಳೆಹಣ್ಣು ತಂದು ಶಾಂತಾಳ ಕೈಗಿಟ್ಟಳು. ಅವಳು ಸಿಪ್ಪೆ ಸುಲಿದು ಮುರಿದು ನನ್ನತ್ತ ಚಾಚಿದಳು. "ಅರ್ಧ ನಿಮಗ, ಅರ್ಧ ನನಗ. ದೊಡ್ಡ ಅರ್ಧ ನನಗ."

ಹಣ್ಣು ಕೈಗೆ ತೆಗೆದುಕೊಂಡಾಗ ನೆನಪಾಯಿತು. ಮದುವೆಯ ಮರುದಿನ, ಮಾವನ ತೋಟದಲ್ಲಿ ಅವಳು ಆಡಿದ್ದ ಮೊದಲ ಮಾತು ಅದೇ. ಅದನ್ನೇ ಅವಳಿಗೆ ತಿರುಗಿ ಹೇಳಿದೆ. ಪರೀಕ್ಷಕಿಯ ಬಾಯಿಂದಲೇ ಕದ್ದ ಉತ್ತರ, ಆದರೂ ಪಾಸಾದೆ. "ಖರೆ ಅದರಿ" ಎಂದು ಚೀಲ ಹಿಡಿದು ಎದ್ದಳು.

ಕಲಬುರಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಸ್ವಲ್ಪ ದೂರ ಬಂದ ಮೇಲೆ ಮೆಲ್ಲಗೆ ಕೇಳಿದಳು. "ನಿಮಗ ನಮ್ಮನಿಯವ್ರ ಕಳಿಸ್ಯಾರೇನ್ರಿ?"

ಹೌದು, ಅವರೇ ಕಳಿಸಿದ್ದು ಎಂದೆ. ಮುಖ ನೋಡಬಾರದು, ಉತ್ತರ ಕೇಳಬೇಕು ಎಂದು ಅವಳಿಗೆ ಹೇಳಿದವನು ನಾನೇ ತಾನೇ. ಈಗ ಬೆಳಗಿನ ಪಾಠದಲ್ಲಿ ವಿದ್ಯಾರ್ಥಿ ಬದಲಾಗಿದ್ದಾನೆ. ಅವಳು ಚಹಾ ಕುಡಿಯುತ್ತಾಳೆ. ನಾನು ಎದುರಿಗೆ ಕೂತು, ದೊಡ್ಡ ಅರ್ಧ ಯಾರಿಗೆ ಎಂಬುದನ್ನು ದಿನಾ ಒಪ್ಪಿಸುತ್ತೇನೆ.